ಇರಲಿ ಎಂದು ಎತ್ತಿಟ್ಟ ಗ್ರಾಫಿಕ್ಸ್ ಕಾರ್ಡ್

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಬಹುಪಾಲು ಒಂದೇ ವಿಷಯದವು. ಕಾರಣ ಊಹಿಸುವುದು ಕಷ್ಟವಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿದ ಮೇಲೆ ಹುಬ್ಬಳ್ಳಿಯ ನನ್ನ ಅಂಗಡಿಗೆ ಹೊಸ ಕಂಪ್ಯೂಟರ್ ಜೋಡಿಸಿಕೊಡಿ ಎಂದು ಬಂದವರು ಒಬ್ಬಿಬ್ಬರಲ್ಲ. ಹೊಸದು ಮನೆಗೆ ಹೋಯಿತು, ಹಳೆಯದರ ಹೊಟ್ಟೆಯಿಂದ ತೆಗೆದ, ಪರದೆಗೆ ಚಿತ್ರ ಕೊಡುವ ಗ್ರಾಫಿಕ್ಸ್ ಕಾರ್ಡ್ ಕೈಯಲ್ಲಿ ಉಳಿಯಿತು. ಅದನ್ನು ಏನು ಮಾಡುವುದು? ಎಂದಿನಂತೆ ಓದುಗರ ಹೆಸರು ಹಾಕಿಲ್ಲ, ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಅಕ್ಕಾ, ನಾನು ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದೇನೆ. ಎಂಟನೆಯ ತರಗತಿಯಲ್ಲಿದ್ದಾಗ ಅಪ್ಪ ಕೊಡಿಸಿದ ಜಿಟಿಎಕ್ಸ್ 1050 ಟಿಐ ಕಾರ್ಡ್ ತೆಗೆದು, ಹುಡುಗರಿಗೆ ಪಾಠ ಹೇಳಿ ಕೂಡಿಸಿದ ಹಣದಲ್ಲಿ ಆರ್‌ಟಿಎಕ್ಸ್ 3060 ಹಾಕಿದ್ದೇನೆ. ಹಳೆಯದು ಇನ್ನೂ ಚೆನ್ನಾಗಿ ನಡೆಯುತ್ತದೆ. ಅಪ್ಪ ಮಾರಿಬಿಡು ಎನ್ನುತ್ತಾರೆ. ಅವ್ವ ಇರಲಿ ಬಿಡು, ಯಾವಾಗಲಾದರೂ ಬೇಕಾಗುತ್ತದೆ ಎನ್ನುತ್ತಾಳೆ. ಗೆಳೆಯನೊಬ್ಬ ಎರಡನ್ನೂ ಒಂದೇ ಕಂಪ್ಯೂಟರಿಗೆ ಹಾಕು, ವೇಗ ಹೆಚ್ಚುತ್ತದೆ ಎನ್ನುತ್ತಾನೆ. ಯಾರ ಮಾತು ಕೇಳಲಿ? — ಸಪ್ತಾಪುರ, ಧಾರವಾಡ

ಉತ್ತರ: ಮೊದಲು ಗೆಳೆಯನ ಮಾತನ್ನು ಬದಿಗಿಡು. ಎರಡು ಕಾರ್ಡುಗಳನ್ನು ಜೊತೆಗೂಡಿಸುವ ಎಸ್‌ಎಲ್‌ಐ ವ್ಯವಸ್ಥೆ 1050 ಟಿಐಗೆ ಇರಲೇ ಇಲ್ಲ. 3060ಕ್ಕೂ ಇಲ್ಲ. ಎರಡನ್ನೂ ಕೂರಿಸಿದರೆ ಆಟ ಒಂದರ ಮೇಲೆಯೇ ನಡೆಯುತ್ತದೆ, ಇನ್ನೊಂದು ಪಕ್ಕದಲ್ಲಿ ಕುಳಿತು ಬಿಸಿಗಾಳಿ ಊದುತ್ತದೆ. ಹೆಚ್ಚು ಪರದೆ ಬೇಕು ಎಂದರೂ 3060 ಒಂದೇ ನಾಲ್ಕನ್ನು ನಡೆಸಬಲ್ಲದು. ನಿನ್ನ ಮೇಜಿನ ಮೇಲೆ ನಾಲ್ಕಕ್ಕೆ ಜಾಗವಿದೆಯೇ?

ಅವ್ವನ ಮಾತು ಒಂದು ತಿಂಗಳ ಮಟ್ಟಿಗೆ ಸರಿ. ಹೊಸ ಕಾರ್ಡಿನಲ್ಲಿ ತಯಾರಿಕೆಯ ದೋಷವಿದ್ದರೆ ಸಾಮಾನ್ಯವಾಗಿ ಮೊದಲ ಕೆಲವು ವಾರಗಳಲ್ಲೇ ಹೊರಬೀಳುತ್ತದೆ. ವಾರಂಟಿಯಲ್ಲಿ ಕಳುಹಿಸಿದ ಕಾರ್ಡ್ ಮರಳಿ ಬರುವವರೆಗೆ ನಿನ್ನ ಕೈಯಲ್ಲಿ ಏನಾದರೂ ಇರಬೇಕು. ನಿನ್ನ ಪ್ರೊಸೆಸರ್ ಯಾವುದೆಂದು ನೀನು ಬರೆದಿಲ್ಲ. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಯಲ್ಲಿ ‘ಎಫ್’ ಅಕ್ಷರವಿದ್ದರೆ ಅದರೊಳಗೆ ಗ್ರಾಫಿಕ್ಸ್ ಇರುವುದಿಲ್ಲ. ರೈಜೆನ್ 5 3600ರಂಥವುಗಳಲ್ಲಿಯೂ ಇಲ್ಲ. ಅಂಥ ಕಂಪ್ಯೂಟರಿನಲ್ಲಿ ಕಾರ್ಡ್ ಕೆಟ್ಟರೆ ಪರದೆ ಮೇಲೆ ಒಂದು ಗೆರೆಯೂ ಮೂಡುವುದಿಲ್ಲ, ಪರೀಕ್ಷೆಯ ವಾರವಾದರೂ ಅಷ್ಟೇ. ಆದ್ದರಿಂದ ಒಂದು ತಿಂಗಳು ಇಟ್ಟುಕೋ. ಹೇಗೆ ಇಡುವುದು ಎಂಬುದೂ ಮುಖ್ಯ. ಹೊಸ ಕಾರ್ಡ್ ಬಂದ ಬೂದುಬಣ್ಣದ ಹೊಳೆಯುವ ಚೀಲ ಇದೆಯಲ್ಲ, ಸ್ಥಾಯೀ ವಿದ್ಯುತ್ ತಡೆಯುವಂಥದ್ದು, ಅದರಲ್ಲಿ ಹಳೆಯದನ್ನು ಹಾಕಿ, ಹೊಸದರ ರಟ್ಟಿನ ಪೆಟ್ಟಿಗೆಯಲ್ಲಿಯೇ ಇಡು. ಜೊತೆಗೆ ಬೂಟಿನ ಡಬ್ಬಿಯಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣ ಎರಡು ಹಾಕು. ಧಾರವಾಡದ ಆಷಾಢದ ಜಿಟಿಜಿಟಿ ಮಳೆಯಲ್ಲಿ ಬೀರುವಿನ ರೇಷ್ಮೆ ಸೀರೆಗೇ ಬೂಷ್ಟು ಹಿಡಿಯುತ್ತದೆ, ತಾಮ್ರವನ್ನು ಬಿಡುತ್ತದೆಯೇ?

ಒಂದು ತಿಂಗಳಾದ ಮೇಲೆ ‘ಇರಲಿ’ ಎಂಬ ಮಾತಿಗೆ ಕಿವಿಗೊಡಬೇಡ. ಇದನ್ನು ಹೇಳಲು ನನಗೆ ಅಧಿಕಾರವಿದೆ, ಏಕೆಂದರೆ ಆ ತಪ್ಪನ್ನು ನಾನೇ ಮಾಡಿದ್ದೇನೆ. 2007ರ ಕೊನೆಗೆ ಬಂದ 8800 ಜಿಟಿ ಎಂಬ ಕಾರ್ಡನ್ನು ನಾನು ಆಸೆಪಟ್ಟು ಕೊಂಡಿದ್ದೆ. ಅಂಗಡಿಯ ಸಾಲ ತೀರುವ ಮೊದಲೇ ಕೊಂಡೆನೆಂದು ಅಪ್ಪ ಎರಡು ದಿನ ಮಾತು ಬಿಟ್ಟಿದ್ದರು. ಮೂರು ವರ್ಷ ಅದು ಚೆನ್ನಾಗಿ ದುಡಿಯಿತು. ಬದಲಾಯಿಸಿದಾಗ ವಿದ್ಯಾನಗರದ ಕಾಲೇಜು ಹುಡುಗನೊಬ್ಬ ಮೂರು ಸಾವಿರ ಕೊಡುತ್ತೇನೆ, ಕೊಡಿ ಎಂದ. ಇರಲಿ, ನಾಳೆ ಬೇಕಾದೀತು ಎಂದೆ. ಮತ್ತೆ ಮೂರು ವರ್ಷ ಬಿಟ್ಟು ಇನ್ನೊಬ್ಬ ಐನೂರು ಎಂದ. ಐನೂರಕ್ಕೆ ಕೊಡುವುದೇ ಎಂದು ಸಿಟ್ಟು ಬಂದು ಅಟ್ಟಕ್ಕೆ ಎಸೆದೆ. ಒಂದು ಮಳೆಗಾಲದಲ್ಲಿ ಹೆಂಚಿನ ಸೋರಿಕೆ ಹುಡುಕಲು ಅಟ್ಟ ಹತ್ತಿದರೆ, ಇಲಿ ಆ ಪೆಟ್ಟಿಗೆಯಲ್ಲಿ ಸಂಸಾರ ಹೂಡಿತ್ತು. ಕಾರ್ಡಿನ ಮೇಲೆಲ್ಲ ಅದರ ಮೂತ್ರ, ಸಂಪರ್ಕ ಪಟ್ಟಿಯ ಚಿನ್ನದ ಹಲ್ಲುಗಳ ನಡುವೆ ಹಸಿರು ಕಿಲುಬು. ಉಜ್ಜಿದೆ, ತೊಳೆದೆ, ಒಣಗಿಸಿದೆ. ಜೀವ ಬರಲಿಲ್ಲ. ಮೂರು ಸಾವಿರ, ಆಮೇಲೆ ಐನೂರು, ಆಮೇಲೆ ಇಲಿಯ ಮನೆ.

ನಿನ್ನ 1050 ಟಿಐಗೆ ಇನ್ನೊಂದು ಗಡಿಯಾರವೂ ಓಡುತ್ತಿದೆ. ಅದು 2016ರ ಕಾರ್ಡ್. ಆ ತಲೆಮಾರಿನವುಗಳಿಗೆ ಹೊಸ ಆಟಗಳಿಗೆ ತಕ್ಕ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಕೊಡುವುದನ್ನು 2025ರ ಅಕ್ಟೋಬರ್‌ಗೆ ಮುಗಿಸಿ, ಅಲ್ಲಿಂದ 2028ರ ಅಕ್ಟೋಬರ್‌ವರೆಗೆ ಮೂರು ತಿಂಗಳಿಗೊಮ್ಮೆ ಭದ್ರತೆಯ ತಿದ್ದುಪಡಿ ಮಾತ್ರ ಕೊಡುವುದಾಗಿ ಅವುಗಳ ಚಿಪ್ ತಯಾರಿಸುವ ಕಂಪನಿ ಎನ್‌ವಿಡಿಯಾ ತಿಳಿಸಿದೆ. ಕಾರ್ಡ್ ಅಂದೇ ನಿಂತುಹೋಗುತ್ತದೆ ಎಂದಲ್ಲ. ಆದರೆ ಕೊಳ್ಳುವವನಿಗೂ ಈ ಲೆಕ್ಕ ಗೊತ್ತು.

ಮಾರುವ ಮೊದಲು ಮಾತ್ರ ಒಮ್ಮೆ ಬಳಗದವರ ಮನೆಗಳನ್ನು ನೆನೆಸಿಕೋ. 1050 ಟಿಐಗೆ ಒಂದು ದೊಡ್ಡ ಗುಣವಿದೆ. ಅದು ಉಣ್ಣುವುದು 75 ವ್ಯಾಟ್, ಕಾರ್ಡ್ ಕೂರುವ ಮದರ್‌ಬೋರ್ಡಿನ ಸ್ಲಾಟ್ ಬಡಿಸುವುದೂ ಅಷ್ಟೇ. ಬಹುತೇಕ ಮಾದರಿಗಳಿಗೆ, ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಿಂದ ಬೇರೆ ತಂತಿ ಎಳೆಯಬೇಕಾಗಿಲ್ಲ. ಕಚೇರಿಗಳಿಂದ ಹೊರಬಿದ್ದ ಹಳೆಯ ಬ್ರ್ಯಾಂಡೆಡ್ ಕಂಪ್ಯೂಟರುಗಳು ನಮ್ಮೂರಿನಲ್ಲಿ ಅಗ್ಗಕ್ಕೆ ಸಿಗುತ್ತವೆ. ಅವುಗಳ ಸಣ್ಣ ಎಸ್‌ಎಂಪಿಎಸ್‌ಗೂ ಇದು ಭಾರವಾಗುವುದಿಲ್ಲ. ನನ್ನ ಮಾಮಾನ ಮಗಳು ಅಂಥ ಒಂದು ಕಂಪ್ಯೂಟರಿಗೆ ಇದೇ ಕಾರ್ಡ್ ಹಾಕಿಸಿಕೊಂಡು ಮದುವೆಯ ವಿಡಿಯೊ ಜೋಡಿಸುವ ಕೆಲಸ ಶುರು ಮಾಡಿದಳು. ಎಚ್.264, ಎಚ್‌ಇವಿಸಿ ಎರಡೂ ಬಗೆಯ ವಿಡಿಯೊವನ್ನು ಕಾರ್ಡಿನೊಳಗಿನ ಪ್ರತ್ಯೇಕ ಭಾಗವೇ ಸಿದ್ಧಪಡಿಸುವುದರಿಂದ ರಾತ್ರಿಯಿಡೀ ಕಾಯುತ್ತಿದ್ದ ಕೆಲಸ ಊಟ ಮುಗಿಸಿ ಬರುವಷ್ಟರಲ್ಲಿ ಆಗುತ್ತದೆ. ಒಂದೇ ಎಚ್ಚರ: ಚಪ್ಪಟೆ ಕ್ಯಾಬಿನೆಟ್ ಆಗಿದ್ದರೆ ಮಾಮೂಲಿ ಎತ್ತರದ ಕಾರ್ಡ್ ಒಳಗೆ ಹಿಡಿಸುವುದಿಲ್ಲ. ಮೊದಲು ಅಳತೆಪಟ್ಟಿ ಹಿಡಿ, ಆಮೇಲೆ ಮಾತು ಕೊಡು.

ಬಳಗದಲ್ಲಿ ಯಾರಿಗೂ ಬೇಡವಾದರೆ ಅಪ್ಪನ ಮಾತಿನಂತೆ ಮಾರು. ಬೆಲೆಯನ್ನು ಜಾಹೀರಾತಿನಲ್ಲಿ ಬೇರೆಯವರು ಕೇಳುತ್ತಿರುವ ಮೊತ್ತ ನೋಡಿ ನಿಗದಿ ಮಾಡಬೇಡ. ತಿಂಗಳುಗಟ್ಟಲೆ ಮಾರಾಟವಾಗದೆ ಕುಳಿತ ಜಾಹೀರಾತುಗಳೇ ನಿನ್ನ ಕಣ್ಣಿಗೆ ಬೀಳುವುದು, ಮಾರಿಹೋದವು ಕಾಣುವುದಿಲ್ಲ. ಮೂಲ ಬಿಲ್ ಹುಡುಕಿಡು. ಕೊಳ್ಳುವವನನ್ನು ಮನೆಗೆ ಕರೆದು, ಕಾರ್ಡ್ ಹಾಕಿ, ಇಪ್ಪತ್ತು ನಿಮಿಷ ಭಾರದ ಆಟ ನಡೆಸಿ ತೋರಿಸು. ಹಿಂಬದಿಯ ಸೀರಿಯಲ್ ನಂಬರಿನ ಫೋಟೊ ಅವನೆದುರಿಗೇ ತೆಗೆದುಕೋ. ನಾಳೆ ಬೇರೆ ಯಾವುದೋ ಸತ್ತ ಕಾರ್ಡ್ ತಂದು ‘ನೀವು ಕೊಟ್ಟದ್ದು ಇದೇ’ ಎನ್ನಲಾರ.

ಪ್ರಶ್ನೆ: ಸರ್, ನಮ್ಮದು ಚಿಕ್ಕ ಮುದ್ರಣಾಲಯ. ಬೆಂಗಳೂರಿನಲ್ಲಿರುವ ಅಕ್ಕನ ಮಗ ತನ್ನ ಹಳೆಯ ಜಿಟಿಎಕ್ಸ್ 1050 ಕಾರ್ಡನ್ನು ಪುಟ ಜೋಡಿಸುವ ಕಂಪ್ಯೂಟರಿಗೆ ಇರಲಿ ಎಂದು ಕೊಟ್ಟ. ನಮ್ಮ ಮಾನಿಟರ್ ಹಳೆಯದು, ನೀಲಿ ಮೂತಿಯ ವಿಜಿಎ ಕೇಬಲಿನದು. ಕಾರ್ಡಿನಲ್ಲಿರುವುದು ಬಿಳಿ ಡಿವಿಐ ಸಾಕೆಟ್. ಪೇಟೆಯಲ್ಲಿ ಡಿವಿಐನಿಂದ ವಿಜಿಎಗೆ ಬದಲಿಸುವ ತುಂಡು ತಂದೆ, ಒಳಗೆ ಹೋಗಲಿಲ್ಲ. ಅದರ ನಾಲ್ಕು ಪಿನ್ನುಗಳು ಅಡ್ಡ ಬರುತ್ತಿದ್ದವು, ಕಟ್ಟರಿನಿಂದ ಕತ್ತರಿಸಿದೆ. ಈಗ ಕೂತಿದೆ, ಆದರೆ ಪರದೆ ಕಪ್ಪಾಗಿಯೇ ಇದೆ. ಕಾರ್ಡ್ ಕೆಟ್ಟಿದೆಯೇ? — ಗದಗ

ಉತ್ತರ: ಸರ್ ಅಲ್ಲ. ಅಂಗಡಿಯ ಫಲಕದ ಮೇಲೆ ಇನ್ನೂ ಅಪ್ಪನ ಹೆಸರೇ ಇರುವುದರಿಂದ ಹೀಗಾಗುತ್ತದೆ, ಬೇಸರವಿಲ್ಲ.

ಕಾರ್ಡ್ ಕೆಟ್ಟಿಲ್ಲ. ನೀವು ಕತ್ತರಿಸಿ ಎಸೆದ ನಾಲ್ಕು ಪಿನ್ನುಗಳಲ್ಲೇ ಚಿತ್ರವಿತ್ತು. ಆ ಸಾಕೆಟ್ಟನ್ನು ಬೆಳಕಿಗೆ ಹಿಡಿದು ನೋಡಿ. ಎಡಕ್ಕೆ ಇಪ್ಪತ್ತನಾಲ್ಕು ತೂತುಗಳು, ಬಲಕ್ಕೆ ಒಂದು ಅಡ್ಡ ಸೀಳು. ಹಳೆಯ ಕಾಲದ ಡಿವಿಐ-ಐ ಸಾಕೆಟ್ಟಿನಲ್ಲಿ ಆ ಸೀಳಿನ ಮೇಲೆ ಎರಡು, ಕೆಳಗೆ ಎರಡು ತೂತು ಹೆಚ್ಚಿಗೆ ಇರುತ್ತಿದ್ದವು. ಕೆಂಪು, ಹಸಿರು, ನೀಲಿ ಬಣ್ಣಗಳು ಮೂರರಲ್ಲಿ, ಗೆರೆಯನ್ನು ಹೊಂದಿಸುವ ಸಂಕೇತ ನಾಲ್ಕನೆಯದರಲ್ಲಿ ಹರಿಯುತ್ತಿತ್ತು. ವಿಜಿಎ ಮಾನಿಟರಿಗೆ ಬೇಕಾದದ್ದು ಅದೇ. 10ರ ಸರಣಿಯಿಂದ ಎನ್‌ವಿಡಿಯಾ ಆ ಹಳೆಯ ಸಂಕೇತವನ್ನು ಕಾರ್ಡಿನಿಂದಲೇ ತೆಗೆದುಹಾಕಿತು, ಉಳಿದದ್ದು ಡಿಜಿಟಲ್ ಸಂಕೇತ ಮಾತ್ರ ಹೊರುವ ಡಿವಿಐ-ಡಿ. ತೂತುಗಳನ್ನು ಮುಚ್ಚಿದ್ದು ನಿಮ್ಮಂಥವರಿಗೆ ‘ಇಲ್ಲಿ ಅದು ಸಿಗುವುದಿಲ್ಲ’ ಎಂದು ತಿಳಿಸಲೆಂದೇ. ಕಟ್ಟರ್ ಇರುವ ಮನೆಯಲ್ಲಿ ಅಂಥ ಸೂಚನೆ ನಡೆಯುವುದಿಲ್ಲ, ಅದೂ ಮುದ್ರಣಾಲಯದಲ್ಲಿ.

ಕಾರ್ಡಿನ ಎಚ್‌ಡಿಎಂಐ ಸಾಕೆಟ್ಟಿನಿಂದ ವಿಜಿಎಗೆ ಬದಲಿಸುವ, ಒಳಗೆ ಚಿಪ್ ಇರುವ ಪರಿವರ್ತಕ ಸಿಗುತ್ತದೆ. ಅದನ್ನು ತನ್ನಿ, ಚಿತ್ರ ಬರುತ್ತದೆ. ಆದರೆ ಕೇಳದೇ ಇದ್ದ ಒಂದು ಮಾತನ್ನೂ ಹೇಳುತ್ತೇನೆ. ಮದುವೆಯ ಪತ್ರಿಕೆ, ಬಿಲ್ ಪುಸ್ತಕ, ಜಾತ್ರೆಯ ಭಿತ್ತಿಪತ್ರಗಳ ಕೆಲಸಕ್ಕೆ ಈ ಕಾರ್ಡ್ ಬೇಕಾಗಿಯೇ ಇಲ್ಲ. ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಧಾರಾಳವಾಗಿ ಸಾಕು. ನಿಮ್ಮ ಕಂಪ್ಯೂಟರ್ ನಿಧಾನವಾಗಿದ್ದರೆ ಬಹುಶಃ ಅದರೊಳಗೆ ಇನ್ನೂ ತಿರುಗುವ ಹಾರ್ಡ್‌ಡಿಸ್ಕ್ ಇದೆ. ಕಾರ್ಡ್ ಮಾರಿ ಬಂದ ಹಣಕ್ಕೆ, ಒಳಗೆ ಏನೂ ತಿರುಗದ, ವೇಗದ ಸಂಗ್ರಹವಾದ ಎಸ್‌ಎಸ್‌ಡಿ ಹಾಕಿಸಿ. ಅಕ್ಕನ ಮಗನಿಗೆ ಬೇಸರವಾದರೆ ನನ್ನ ಹೆಸರು ಹೇಳಿ.

ಪ್ರಶ್ನೆ: ಅಕ್ಕಾವರೇ, ನನ್ನ ಜಿಟಿಎಕ್ಸ್ 1060 ಕಾರ್ಡ್ ನಾಲ್ಕು ವರ್ಷ ನಮ್ಮ ಮೆಣಸಿನಕಾಯಿ ಅಂಗಡಿಯ ಕಂಪ್ಯೂಟರಿನಲ್ಲಿತ್ತು. ಸಂಜೆ ಲೆಕ್ಕ ಮುಗಿಸಿ ಅದರಲ್ಲೇ ಆಟ ಆಡುತ್ತಿದ್ದೆ. ಈಗ ಬದಲಾಯಿಸಿದ್ದೇನೆ. ಮಾರೋಣವೆಂದರೆ ಫ್ಯಾನ್ ಗಿರಣಿಯಂತೆ ಸದ್ದು ಮಾಡುತ್ತದೆ, ಶಾಖ 84 ಡಿಗ್ರಿ ತೋರಿಸುತ್ತದೆ. ಸ್ವಚ್ಛ ಮಾಡಿ ಮಾರಿದರೆ ಒಳ್ಳೆಯ ಬೆಲೆ ಬಂದೀತೇ? — ಬ್ಯಾಡಗಿ

ಉತ್ತರ: ಬರುತ್ತದೆ. ಆದರೆ ಅದನ್ನು ನನ್ನ ಅಂಗಡಿಗೆ ತರುವುದಾದರೆ ಮೊದಲೇ ತಿಳಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೇನೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುತ್ತಾರಲ್ಲ, ಅವರು ಅದರ ಧೂಳನ್ನು ಬ್ಲೋವರಿನಿಂದ ಎಬ್ಬಿಸಿ ನೋಡಿದವರಲ್ಲ. ನಿಮ್ಮೂರಿನದೇ ಒಂದು ಕಂಪ್ಯೂಟರನ್ನು ಕೆಲವು ವರ್ಷಗಳ ಹಿಂದೆ ನಾನು ಅಂಗಡಿಯೊಳಗೇ ಬಿಚ್ಚಿದೆ. ಶಾಖ ಹೊರಹಾಕುವ ಹೀಟ್‌ಸಿಂಕಿನ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಕೆಂಪು ಕಂಬಳಿ ನೇಯ್ದ ಹಾಗೆ ಧೂಳು ಕೂತಿತ್ತು. ಒಮ್ಮೆ ಗಾಳಿ ಊದಿದ್ದೇ ತಡ, ನಾನು, ನನ್ನ ಅಂಗಡಿಯ ಹುಡುಗ, ಮೊಬೈಲ್ ಗಾಜು ಹಾಕಿಸಲು ಕುಳಿತಿದ್ದ ಇಬ್ಬರು ಗಿರಾಕಿಗಳು, ಎಲ್ಲರೂ ಕೆಮ್ಮುತ್ತ ರಸ್ತೆಗೆ ಬಂದೆವು. ಎದುರಿನ ಚಹಾದಂಗಡಿಯವರು ಬೆಂಕಿ ಬಿದ್ದಿದೆ ಎಂದು ಕೊಡ ಹಿಡಿದು ಓಡಿ ಬಂದರು.

ಮನೆಯಲ್ಲೇ ಮಾಡುವುದಾದರೆ ಅಂಗಳದಲ್ಲಿ, ಗಾಳಿಗೆ ಬೆನ್ನು ಕೊಟ್ಟು, ಕಣ್ಣಿಗೆ ಕನ್ನಡಕ ಹಾಕಿಕೊಂಡು ಮಾಡಿ. ಮೊದಲು ಒಣ ಬಣ್ಣದ ಕುಂಚದಿಂದ ಗುಡಿಸಿ, ಆಮೇಲೆ ಗಾಳಿ ಊದಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು, ಬಿಟ್ಟರೆ ಅದು ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಒದ್ದೆ ಬಟ್ಟೆ ಬೇಡ. ಮನೆಯ ವ್ಯಾಕ್ಯೂಮ್ ಕ್ಲೀನರ್ ಕೂಡ ಬೇಡ, ಅದರ ಪ್ಲಾಸ್ಟಿಕ್ ಮೂತಿಯಲ್ಲಿ ಸ್ಥಾಯೀ ವಿದ್ಯುತ್ ಕೂಡುತ್ತದೆ.

84 ಡಿಗ್ರಿ ಎಂದಿರಿ. ಆ ಕಾರ್ಡ್ 83ರ ಆಸುಪಾಸಿಗೆ ಬಂದಾಗಲೇ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಹಾಗಾಗಿ ನೀವು ಬಹಳ ದಿನದಿಂದ ಕುಂಟುವ ಕುದುರೆ ಓಡಿಸುತ್ತಿದ್ದೀರಿ. ಧೂಳಿನ ಜೊತೆ, ಚಿಪ್ಪಿನ ಶಾಖವನ್ನು ಮೇಲಿನ ಲೋಹಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಕೂಡ ಒಣಗಿರಬೇಕು. ಕಾರ್ಡ್ ತಿರುವಿ ಹಾಕಿದರೆ ಚಿಪ್ಪಿನ ಬೆನ್ನಿಗೆ ಚೌಕದ ನಾಲ್ಕು ಮೂಲೆಯಲ್ಲಿ ನಾಲ್ಕು ಸ್ಪ್ರಿಂಗ್ ಸ್ಕ್ರೂಗಳಿವೆ. ಒಂದನ್ನೇ ಪೂರ್ತಿ ಬಿಚ್ಚಬೇಡಿ. ಒಂದಕ್ಕೆ ಅರ್ಧ ಸುತ್ತು, ಕರ್ಣದ ಎದುರಿನದಕ್ಕೆ ಅರ್ಧ ಸುತ್ತು, ಹೀಗೆ ಸಡಿಲಿಸುತ್ತ ಹೋಗಿ. ಹೀಟ್‌ಸಿಂಕ್ ಮೇಲೆತ್ತುವಾಗ ಫ್ಯಾನಿನ ಸಣ್ಣ ತಂತಿ ಇನ್ನೂ ಕಾರ್ಡಿಗೆ ಅಂಟಿಕೊಂಡಿರುತ್ತದೆ, ಜಗ್ಗಿದರೆ ಸಾಕೆಟ್ಟೇ ಕಿತ್ತು ಬರುತ್ತದೆ. ಚಿಪ್ಪಿನ ಮೇಲೆ ಹಳೆಯ ಪೇಸ್ಟ್ ಒಣಗಿದ ವಿಭೂತಿಯಂತೆ ಬಿರುಕುಬಿಟ್ಟು ನಿಂತಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ, ತೊಗರಿಬೇಳೆಯಷ್ಟು ಹೊಸ ಪೇಸ್ಟ್ ಹಾಕಿ. ಸುತ್ತಲಿನ ಮೆಮೊರಿ ಚಿಪ್ಪುಗಳ ಮೇಲಿನ ರಬ್ಬರಿನಂಥ ಪಟ್ಟಿಗಳು ಹರಿಯದಂತೆ ನೋಡಿಕೊಳ್ಳಿ. ಹರಿದರೆ ಅದೇ ದಪ್ಪದ್ದನ್ನೇ ತರಬೇಕು, ದಪ್ಪ ಹೆಚ್ಚಾದರೆ ಹೀಟ್‌ಸಿಂಕ್ ಚಿಪ್ಪಿಗೆ ಮುಟ್ಟುವುದಿಲ್ಲ. ಹಲ್ಲುಜ್ಜುವ ಪೇಸ್ಟ್ ಹಚ್ಚಿ ತಂದವರೂ ನನ್ನ ಬಳಿ ಬಂದಿದ್ದಾರೆ. ಪುದೀನದ ವಾಸನೆ ಚೆನ್ನಾಗಿತ್ತು, ಕಾರ್ಡ್ ಮಾತ್ರ ಕುದಿಯುತ್ತಿತ್ತು.

ಇಷ್ಟಾದ ಮೇಲೂ ಫ್ಯಾನ್ ಗೊರಗೊರ ಎಂದರೆ ಫ್ಯಾನನ್ನೇ ಬದಲಿಸಿ. ಮತ್ತು ಕೊಳ್ಳುವವನಿಗೆ ಮೆಣಸಿನಕಾಯಿಯ ವಿಷಯ ಹೇಳಿಯೇ ಮಾರಿ. ಮುಚ್ಚಿಟ್ಟರೂ ಮೊದಲ ಸಲ ಆಟ ಬಿಸಿಯಾದಾಗ ಅವನ ಮೂಗಿಗೇ ಗೊತ್ತಾಗುತ್ತದೆ.

ಪ್ರಶ್ನೆ: ಮಗ ಹಳೆಯ ಗ್ರಾಫಿಕ್ಸ್ ಕಾರ್ಡನ್ನು ಅಪರಿಚಿತರಿಗೆ ಮಾರಲು ಹೊರಟಿದ್ದಾನೆ. ಅದರಲ್ಲಿ ನಮ್ಮ ಮನೆಯ ಫೋಟೊ, ಬ್ಯಾಂಕಿನ ವಿವರ ಉಳಿದಿರುವುದಿಲ್ಲವೇ? — ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ಇಲ್ಲ. ಕಾರ್ಡಿನ ಮೆಮೊರಿ ಕರೆಂಟ್ ಇರುವವರೆಗೆ ಮಾತ್ರ ನೆನಪಿಟ್ಟುಕೊಳ್ಳುತ್ತದೆ. ಕಂಪ್ಯೂಟರ್ ಆರಿಸಿ ಕಾರ್ಡ್ ಕಿತ್ತ ಮೇಲೆ ಅದರಲ್ಲಿ ಉಳಿಯುವುದು ಕಾರ್ಡ್ ಹೇಗೆ ಎದ್ದು ಕೂರಬೇಕು ಎಂಬ ಕಂಪನಿಯ ಚಿಕ್ಕ ಕಾರ್ಯಕ್ರಮವೊಂದೇ. ನಿಮ್ಮ ಭಯಕ್ಕೆ ಸರಿಯಾದ ಜಾಗ ಹಾರ್ಡ್‌ಡಿಸ್ಕ್ ಮತ್ತು ಎಸ್‌ಎಸ್‌ಡಿ. ಮಗ ಇಡೀ ಕಂಪ್ಯೂಟರನ್ನೇ ಮಾರುವ ದಿನ ಅದನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳಿ.

ಪ್ರಶ್ನೆ: ಆರ್‌ಎಕ್ಸ್ 580 ಎಂಟು ಜಿಬಿ ಕಾರ್ಡ್ ಬಹಳ ಅಗ್ಗಕ್ಕೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಅದು ಕ್ರಿಪ್ಟೊ ಗಣಿಗಾರಿಕೆಗೆ (ಲೆಕ್ಕ ಮಾಡಿಸಿ ಡಿಜಿಟಲ್ ನಾಣ್ಯ ಗಳಿಸುವುದಕ್ಕೆ) ಬಳಸಿದ್ದು ಎಂದು ಗೆಳೆಯರು ಹೆದರಿಸುತ್ತಾರೆ. ಕೊಳ್ಳಲೇ? — ರಾಣೆಬೆನ್ನೂರು

ಉತ್ತರ: ನೀವು ಕೊಳ್ಳುವ ಕಡೆಯವರು, ಇರಲಿ, ಇದೂ ಹಳೆಯ ಕಾರ್ಡಿನ ಸಂಸಾರವೇ. 2017ರ ಆ ಕಾರ್ಡ್ ಎಥೀರಿಯಂ ಎಂಬ ಡಿಜಿಟಲ್ ನಾಣ್ಯ ಅಗೆಯುವವರ ಅಚ್ಚುಮೆಚ್ಚಿನದಾಗಿತ್ತು, ನಿಜ. 2022ರ ಸೆಪ್ಟೆಂಬರ್ 15ರಂದು ಎಥೀರಿಯಂ ತನ್ನ ಪದ್ಧತಿಯನ್ನೇ ಬದಲಿಸಿ ಕಾರ್ಡುಗಳ ಕೆಲಸ ತೆಗೆದುಹಾಕಿದಾಗ ರಾಶಿ ರಾಶಿ ಕಾರ್ಡುಗಳು ಮಾರುಕಟ್ಟೆಗೆ ಬಿದ್ದವು. ಗಣಿಯಲ್ಲಿ ದುಡಿದದ್ದೆಲ್ಲ ಹಾಳು ಎಂದು ನಾನು ಹೇಳುವುದಿಲ್ಲ. ಒಂದೇ ಶಾಖದಲ್ಲಿ ಹಗಲೂ ರಾತ್ರಿ ನಡೆದ ಕಾರ್ಡಿನ ಚಿಪ್, ದಿನಕ್ಕೆ ಹತ್ತು ಸಲ ಕಾದು ಹತ್ತು ಸಲ ಆರಿದ್ದಕ್ಕಿಂತ ಗಟ್ಟಿ ಇರಲೂಬಹುದು. ಸವೆಯುವುದು ಫ್ಯಾನ್, ಒಣಗುವುದು ಪೇಸ್ಟ್. ಇನ್ನೊಂದು ತೊಡಕೆಂದರೆ ಅಗೆಯುವವರು ಕಾರ್ಡಿನ ಬಯೋಸ್, ಅಂದರೆ ಮೇಲೆ ಹೇಳಿದ ಕಂಪನಿಯ ಚಿಕ್ಕ ಕಾರ್ಯಕ್ರಮ, ಬದಲಿಸಿರುತ್ತಾರೆ, ಅದನ್ನು ಮೂಲದ್ದಕ್ಕೆ ಮರಳಿಸದಿದ್ದರೆ ಆಟದ ನಡುವೆ ಪರದೆ ನಿಲ್ಲುತ್ತದೆ.

ನಾನಾಗಿದ್ದರೆ ಎರಡು ಸಂಗತಿ ನೋಡುತ್ತೇನೆ. ಕಾರ್ಡಿನ ನಿಜ ವಿವರ ತೋರಿಸುವ ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿನಲ್ಲಿ ಒಯ್ದು ಅವರ ಕಂಪ್ಯೂಟರಿನಲ್ಲೇ ನಡೆಸಿ. ನಿಜವಾದ 580ರಲ್ಲಿ ಶೇಡರುಗಳ (ಚಿತ್ರದ ಲೆಕ್ಕ ಮಾಡುವ ಪುಟ್ಟ ಘಟಕಗಳ) ಸಂಖ್ಯೆ 2304 ಇರಬೇಕು. 2048 ತೋರಿಸಿದರೆ ಅದು ಅದೇ ಹೆಸರಿನಲ್ಲಿ ಬಂದ ಕೆಳದರ್ಜೆಯ ಮಾದರಿ, ಬೆಲೆ ಇಳಿಸಲು ಹೇಳಿ. ಹಳೆಯ ಜಿಟಿಎಸ್ 450ಕ್ಕೆ ಸುಳ್ಳು ಹೆಸರು ಬರೆದು 1050 ಟಿಐ ಎಂದು ಮಾರುವ ಆಟವನ್ನೂ ಈ ತಂತ್ರಾಂಶ ಬಯಲು ಮಾಡುತ್ತದೆ. ಎರಡನೆಯದು ನಿಮ್ಮ ಎಸ್‌ಎಂಪಿಎಸ್. 580 ಉಣ್ಣುವುದು 185 ವ್ಯಾಟ್. ಕ್ಯಾಬಿನೆಟ್ಟಿನ ಜೊತೆಗೇ ಪುಕ್ಕಟೆ ಬಂದ ಹಗುರ ಎಸ್‌ಎಂಪಿಎಸ್ ಇದ್ದರೆ, ಅದನ್ನು ಬದಲಿಸುವ ಖರ್ಚು ಸೇರಿಸಿದ ಮೇಲೂ ಕಾರ್ಡ್ ಅಗ್ಗವೇ ಎಂದು ಲೆಕ್ಕ ಹಾಕಿ.

ಪ್ರಶ್ನೆ: ನನ್ನ ಹಳೆಯ ಕಾರ್ಡ್ ಸತ್ತೇಹೋಗಿದೆ. ಪಕ್ಕದ ಮನೆಯ ಹುಡುಗ ಕೇಕ್ ಮಾಡುವ ಓವನ್ನಿನಲ್ಲಿ ಹತ್ತು ನಿಮಿಷ ಇಟ್ಟರೆ ಜೀವ ಬರುತ್ತದೆ ಎನ್ನುತ್ತಾನೆ. ಗುಜರಿಯವನು ಇದರಲ್ಲಿ ಚಿನ್ನವಿದೆ, ಕೊಡಿ ಎನ್ನುತ್ತಾನೆ. — ಹಳೇ ಹುಬ್ಬಳ್ಳಿ

ಉತ್ತರ: ಓವನ್ನಿನ ಕಥೆ ಪೂರ್ತಿ ಸುಳ್ಳಲ್ಲ, ಅದೇ ಅದರ ಕೇಡು. ಕಾಯಿಸಿದಾಗ ಚಿಪ್ಪಿನೊಳಗೆ ಬಿಟ್ಟುಹೋದ ಸಂಪರ್ಕ ಕೆಲವು ಸಲ ಮತ್ತೆ ಮುಟ್ಟಿಕೊಳ್ಳುತ್ತದೆ. ಒಂದೆರಡು ವಾರ ನಡೆಯುತ್ತದೆ, ಮತ್ತೆ ಸಾಯುತ್ತದೆ. ಅಷ್ಟರಲ್ಲಿ ಯಾರಿಗಾದರೂ ಮಾರಿ ಕೈತೊಳೆದುಕೊಳ್ಳುವವರೂ ಇದ್ದಾರೆ. ಪ್ಲಾಸ್ಟಿಕ್ ಮತ್ತು ರಾಳದ ಹೊಗೆ ಕುಳಿತ ಓವನ್ನಿನಲ್ಲಿ ಆಮೇಲೆ ಮಕ್ಕಳಿಗೆ ಕೇಕ್ ಮಾಡುತ್ತೀರಾ?

ಚಿನ್ನ ಇರುವುದು ನಿಜ. ಸ್ಲಾಟಿಗೆ ಕೂರುವ ಹಲ್ಲುಗಳ ಮೇಲೆ ಮೈಕ್ರಾನಿನ ಲೆಕ್ಕದ ಲೇಪ. ಅದನ್ನು ತೆಗೆಯಲು ಹಿತ್ತಲಲ್ಲಿ ಆಮ್ಲದ ಬಕೆಟ್ ಇಟ್ಟುಕೊಂಡು ಕೂರುವವರ ಕೈ, ಶ್ವಾಸಕೋಶ, ಅವರ ಓಣಿಯ ಚರಂಡಿ ಎಲ್ಲವೂ ಸುಡುತ್ತವೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಇಂಥದ್ದನ್ನು ಒಡೆದು ಲೋಹ ತೆಗೆಯುವ ಕೆಲಸ ನೋಂದಾಯಿತ ಘಟಕಗಳದ್ದು ಮಾತ್ರ. ನಮ್ಮ ಕಡೆ ಮೋಡಕಾದವರ, ಅಂದರೆ ಗುಜರಿಯವರ, ತಳ್ಳುಗಾಡಿಗೆ ಹಾಕಿದ್ದು ಎಲ್ಲಿಗೆ ಹೋಗುತ್ತದೆ ಎಂದು ಅವರಿಗೂ ಗೊತ್ತಿರುವುದಿಲ್ಲ. ನಾನು ಮಾಡುವುದಿಷ್ಟು: ಸತ್ತ ಕಾರ್ಡಿನಿಂದ ಫ್ಯಾನ್, ಹೀಟ್‌ಸಿಂಕ್, ಲೋಹದ ಪಟ್ಟಿ, ಸ್ಕ್ರೂಗಳನ್ನು ಬಿಚ್ಚಿಟ್ಟುಕೊಳ್ಳುತ್ತೇನೆ, ಅವು ಬೇರೆ ಕಾರ್ಡಿಗೆ ಆಗುತ್ತವೆ. ಬ್ಯಾಡಗಿಯವರಿಗೆ ಬೇಕಾದ ಫ್ಯಾನ್ ಕೂಡ ಹೀಗೇ ಸಿಗಬಹುದು. ಉಳಿದ ಹಸಿರು ಹಲಗೆಗಳನ್ನು ಒಂದು ಗೋಣಿಚೀಲದಲ್ಲಿ ಕೂಡಿಹಾಕಿ, ಚೀಲ ತುಂಬಿದಾಗ ನೋಂದಾಯಿತ ಸಂಗ್ರಹಕಾರರಿಗೆ ಒಪ್ಪಿಸುತ್ತೇನೆ. ನಿಮ್ಮದನ್ನೂ ತಂದು ಹಾಕಿ, ಹಣ ಕೊಡುವುದಿಲ್ಲ, ಚಹಾ ಕೊಡುತ್ತೇನೆ.

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕ. ವಸ್ತುಪ್ರದರ್ಶನದಲ್ಲಿ ಕಂಪ್ಯೂಟರಿನ ಒಳಭಾಗಗಳನ್ನು ಮಕ್ಕಳೇ ವಿವರಿಸಬೇಕೆಂದು ಆಸೆ. ಯಾರಿಗೂ ಬೇಡವಾದ, ಕೆಟ್ಟ ಗ್ರಾಫಿಕ್ಸ್ ಕಾರ್ಡ್ ಒಂದು ಎಲ್ಲಿ ಸಿಗಬಹುದು? — ಕುಂದಗೋಳ

ಉತ್ತರ: ನನ್ನ ಅಟ್ಟದ ಮೇಲೆ, ಸರ್. ಮೇಲೆ ಬರೆದ 8800 ಜಿಟಿ ಇನ್ನೂ ಅಲ್ಲೇ ಇದೆ. ಸತ್ತ ಮೇಲೂ ಗೋಣಿಚೀಲಕ್ಕೆ ಹಾಕಲು ಮನಸ್ಸು ಬಂದಿರಲಿಲ್ಲ. ಇಲಿಯ ಗುರುತುಗಳನ್ನೆಲ್ಲ ಆಲ್ಕೊಹಾಲಿನಿಂದ ತೊಳೆದು, ಹೀಟ್‌ಸಿಂಕ್ ಬಿಚ್ಚಿ ಕೊಡುತ್ತೇನೆ. ನಡುವೆ ದೊಡ್ಡ ಚಿಪ್, ಅದರೊಳಗೆ 75.4 ಕೋಟಿ ಟ್ರಾನ್ಸಿಸ್ಟರುಗಳು. ಸಪ್ತಾಪುರದ ಹುಡುಗನ 1050 ಟಿಐ ಚಿಪ್ಪಿನಲ್ಲಿ 330 ಕೋಟಿ ಎಂದು ಪಕ್ಕದಲ್ಲಿ ಬರೆಸಿ, ಒಂಬತ್ತು ವರ್ಷದ ಅಂತರ ಮಕ್ಕಳಿಗೆ ಕಾಣುತ್ತದೆ. ಸುತ್ತಲೂ ಎಂಟು ಮೆಮೊರಿ ಚಿಪ್ಪುಗಳಿವೆ, ತಲಾ 64 ಎಂಬಿ. ಕೂಡಿಸಿ 512 ಬರುತ್ತದೆ ಎಂಬುದನ್ನು ಮಕ್ಕಳೇ ಲೆಕ್ಕ ಮಾಡಲಿ. ಹಿಂಬದಿಯಲ್ಲಿ ಬೆಸುಗೆಯ ಮೊನೆಗಳು ಚುಚ್ಚುತ್ತವೆ, ಥರ್ಮೊಕೋಲಿನ ಮೇಲೆ ಕೂರಿಸಿ. ಮುಟ್ಟಿದ ಮೇಲೆ ಕೈ ತೊಳೆಯಲು ಹೇಳಿ.

ಭಾನುವಾರ ಅಂಗಡಿ ಇರುವುದಿಲ್ಲ. ಶನಿವಾರ ಶಾಲೆ ಬಿಟ್ಟ ಮೇಲೆ ಬನ್ನಿ, ಬರುವಾಗ ಇಬ್ಬರು ಮಕ್ಕಳನ್ನೂ ಕರೆತನ್ನಿ. ಅಟ್ಟ ಹತ್ತಲು ಏಣಿ ಹಿಡಿದುಕೊಳ್ಳುವವರು ಬೇಕು, ನನ್ನ ಹುಡುಗ ಇಲಿ ಎಂದರೆ ಅಂಗಡಿ ಬಿಟ್ಟು ಓಡುತ್ತಾನೆ.